ಹಳೆಯ ಜಾವಾ ಬೈಕಿನ ಮೂಲ ಬಣ್ಣ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ನಮ್ಮ ತಂದೆಯವರು ಓಡಿಸುತ್ತಿದ್ದ 1969ರ ಜಾವಾ 250 ಈಗ ನನ್ನ ಬಳಿ ಇದೆ. ಟ್ಯಾಂಕಿನ ಮರೂನ್ ಬಣ್ಣ ಮಂಕಾಗಿದೆ. ಪೆಟ್ರೋಲ್ ಮುಚ್ಚಳದ ಕೆಳಗೆ ಬೆರಳಗಲ ಬಣ್ಣ ಎದ್ದು ತುಕ್ಕು ಕಾಣಿಸಿಕೊಂಡಿದೆ. ಬಂಗಾರದ ಗೆರೆಗಳು ಮಾತ್ರ ಇನ್ನೂ ಚೆನ್ನಾಗಿವೆ. ಪೇಂಟರು ಎಲ್ಲವನ್ನೂ ಕೆರೆದು ಹೊಸ ಬಣ್ಣ ಹೊಡೆಯೋಣ ಎನ್ನುತ್ತಾರೆ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ (ಬಾಗಲಕೋಟೆ):
ದಯವಿಟ್ಟು ಕೆರೆಸಬೇಡಿರಿ. ಸೋಪಿನ ನೀರಿನಿಂದ ತೊಳೆದು ಒಣಗಿಸಿದ ಮೇಲೆ, ನುಣುಪಾದ ರಬ್ಬಿಂಗ್ ಕಾಂಪೌಂಡಿನಿಂದ (ಬಣ್ಣ ಉಜ್ಜಿ ಹೊಳಪು ತರುವ ಪೇಸ್ಟ್) ಗೆರೆಗಳನ್ನು ಬಿಟ್ಟು ಹಗುರವಾಗಿ ಉಜ್ಜಿರಿ. ಬಟ್ಟೆಗೆ ಮರೂನ್ ಹತ್ತಿದರೆ ಗಾಬರಿಯಾಗಬೇಡಿ, ಬಿಸಿಲಿಗೆ ಸತ್ತ ಮೇಲ್ಪದರ ಅದು. ತುಕ್ಕಿನ ಜಾಗವನ್ನಷ್ಟೇ 400 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಲೋಹ ಹೊಳೆಯುವವರೆಗೆ ತಿಕ್ಕಿ, ಸುತ್ತಲಿನ ಬಣ್ಣದ ಅಂಚನ್ನು ಇಳಿಜಾರು ಮಾಡಿ, ಪ್ರೈಮರ್ ಹಚ್ಚಿ, ಸಣ್ಣ ಕುಂಚದಿಂದ ಬಣ್ಣದ ತೆಳುವಾದ ಪದರಗಳನ್ನು ಒಂದೊಂದಾಗಿ ಒಣಗಲು ಬಿಟ್ಟು ಹಚ್ಚಿರಿ. ಕೊನೆಗೆ 2000 ನಂಬರಿನ ಪೇಪರಿನಿಂದ ನೀರು ಹಾಕಿ ಸಮ ಮಾಡಿದರೆ ಸಾಕು.

ಉತ್ತರ (ವಿಜಯಪುರ):
ಬಣ್ಣ ಹೊಂದಿಸಲು ಟ್ಯಾಂಕಿನ ಮಂಕಾದ ಮೇಲ್ಭಾಗವನ್ನು ನೋಡದೆ, ಬಿಸಿಲು ಕಾಣದ ಟೂಲ್ ಬಾಕ್ಸಿನ ಒಳಭಾಗವನ್ನೂ ಉಜ್ಜಿದ ಟ್ಯಾಂಕನ್ನೂ ಹೋಲಿಸಿರಿ. ಹೊಸ ಬಣ್ಣದ ಥಿನ್ನರ್ ಹಳೆಯದನ್ನು ಸುಕ್ಕುಗಟ್ಟಿಸಬಹುದಾದ್ದರಿಂದ ಮೊದಲು ಮರೆಯಾದ ಜಾಗದಲ್ಲಿ ಪರೀಕ್ಷಿಸಿರಿ. ಬೆಳಗಾವಿಯ ಮಳೆಗಾಲದ ತೇವದಲ್ಲಿ ಲ್ಯಾಕರ್ (ಥಿನ್ನರ್ ಆರಿ ಬೇಗ ಒಣಗುವ ಬಣ್ಣ) ಬೆಳ್ಳಗಾಗುತ್ತದೆ; ದಸರೆಯ ನಂತರ ಕೆಲಸ ಹಿಡಿಯುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಪೆಟ್ರೋಲ್ ಚೆಲ್ಲಿದರೆ ಹಚ್ಚಿದ ಬಣ್ಣ ಉಳಿಯುತ್ತದೆಯೇ?

ಉತ್ತರ (ಬಾಗಲಕೋಟೆ):
ಲ್ಯಾಕರ್ ಮೆತ್ತಗಾಗುತ್ತದೆ. ಆ ಜಾಗಕ್ಕೆ ಮಾತ್ರ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು ಕ್ಲಿಯರ್, ಅಂದರೆ ಪಾಲಿಯುರೆಥೇನಿನ ಪಾರದರ್ಶಕ ಪದರ, ಹಚ್ಚಿಸಿರಿ. ಅದರಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ, ಸಿಂಪಡಿಸುವ ಕೆಲಸವನ್ನು ಸರಿಯಾದ ಮಾಸ್ಕ್ ಇರುವ ಪೇಂಟರಿಗೇ ಒಪ್ಪಿಸಿರಿ.