ಎರಡನೆಯ ಹೃದಯಾಘಾತ ಮತ್ತು ಮನಸ್ಸಿನ ಪಾತ್ರ

ಪ್ರಶ್ನೆ (ಉಡುಪಿ)

ಸ್ಟೆಂಟ್ ಹಾಕಿಸಿಕೊಂಡಿದ್ದ ನನ್ನ ತಂದೆಯವರಿಗೆ ಈ ಮಳೆಗಾಲದಲ್ಲಿ ಮತ್ತೆ ಹೃದಯಾಘಾತವಾಯಿತು. ಅವರು ಮಾತ್ರೆ ತಪ್ಪಿಸಿದವರಲ್ಲ, ಬೀಡಿಯನ್ನೂ ಬಿಟ್ಟಿದ್ದಾರೆ. ಆದರೆ ಮಲ್ಪೆ ಬಂದರಿನ ಕೆಲಸ ನಿಂತ ಮೇಲೆ ಯಾರೊಡನೆಯೂ ಮಾತಿಲ್ಲ. ನಸುಕಿಗೆ ಮೊದಲೇ ಎಚ್ಚರವಾಗಿ ಜಗಲಿಯಲ್ಲಿ ಕುಳಿತಿರುತ್ತಾರೆ, ಇಷ್ಟದ ಬಂಗುಡೆ ಸಾರು ಬಡಿಸಿದರೂ ಎರಡು ತುತ್ತು ಉಂಡು ಏಳುತ್ತಾರೆ, ಮತ್ತೆ ನೋವು ಬಂದೀತೆಂದು ಹೆದರಿ ನಡೆಯುವುದನ್ನೇ ಬಿಟ್ಟಿದ್ದಾರೆ. ವಯಸ್ಸಾದ ಮೇಲೆ ಇದೆಲ್ಲ ಸಹಜವೆಂದು ನೆಂಟರು ಹೇಳುತ್ತಾರೆ. ಇದಕ್ಕೂ ಕಾಯಿಲೆ ಮರುಕಳಿಸುವುದಕ್ಕೂ ಸಂಬಂಧವಿದೆಯೇ?

ಉತ್ತರ (ಮಂಗಳೂರು, ವೈದ್ಯ)

ಸಂಬಂಧವಿದೆ, ಮತ್ತು ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವುದು ಸರಿಯಲ್ಲ. ಹೃದಯಾಘಾತದ ಬಳಿಕ ಕಾಣಿಸುವ ಖಿನ್ನತೆಯನ್ನು ಮುಂದಿನ ಅಪಾಯದ ಕಾರಣಗಳಲ್ಲಿ ಒಂದೆಂದು ಪರಿಗಣಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ತಜ್ಞರು 2014ರಲ್ಲೇ ಶಿಫಾರಸು ಮಾಡಿದ್ದಾರೆ. ಬಹುಕಾಲದ ಒತ್ತಡದಿಂದ ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನಸ್ಸು ಕುಗ್ಗಿದವರು ನಡಿಗೆ, ನಿದ್ರೆ, ಔಷಧ ಮೂರನ್ನೂ ಕೈಬಿಡುತ್ತಾರೆ.

ಆದರೆ ಆಪ್ತಸಮಾಲೋಚನೆಯಿಂದಲೇ ಆಘಾತ ತಪ್ಪುತ್ತದೆಂದು ನಾನು ಹೇಳಲಾರೆ. ಸುಮಾರು 2,500 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಎನ್‌ರಿಚ್ಡ್ ಅಧ್ಯಯನದಲ್ಲಿ ಖಿನ್ನತೆ ತಗ್ಗಿತು, ಸಾವು ಮತ್ತು ಮರು ಆಘಾತಗಳು ತಗ್ಗಲಿಲ್ಲ. 2011ರ ಸ್ವೀಡನ್ನಿನ ಅಧ್ಯಯನದಲ್ಲಿ, ವರ್ಷವಿಡೀ ಸಣ್ಣ ಗುಂಪುಗಳಲ್ಲಿ ಒತ್ತಡ ನಿಭಾಯಿಸುವುದನ್ನು ಕಲಿತ 192 ರೋಗಿಗಳಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆ ಮರುಕಳಿಸುವುದು ಶೇ. 41ರಷ್ಟು ಕಡಿಮೆಯಾಯಿತು. ಜೊತೆಗಾರರ ನಡುವೆ ದೀರ್ಘಕಾಲ ಕಲಿತದ್ದು ಫಲ ಕೊಟ್ಟಿರಬಹುದೆಂದು ನನಗನ್ನಿಸುತ್ತದೆ. ನಿಮ್ಮ ಹೃದ್ರೋಗ ತಜ್ಞರಿಗೆ ನಿದ್ರೆ, ಹಸಿವು, ಭಯಗಳ ವಿಷಯವನ್ನು ನೀವಾಗಿಯೇ ತಿಳಿಸಿ. ಖಿನ್ನತೆಯ ಹಳೆಯ ಕೆಲವು ಮಾತ್ರೆಗಳು ಹೃದ್ರೋಗಿಗಳಿಗೆ ಒಗ್ಗುವುದಿಲ್ಲವಾದ್ದರಿಂದ ಅವರನ್ನು ಕೇಳದೆ ಯಾವುದನ್ನೂ ಆರಂಭಿಸಬೇಡಿ.

ಉತ್ತರ (ಕಾರ್ಕಳ)

ನಮ್ಮ ಮಾವನವರಿಗೂ ಇದೇ ಭಯವಿತ್ತು. ಡಾಕ್ಟರರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಎಷ್ಟು ನಡೆಯಬಹುದೆಂದು ಹೇಳಿದ ಮೇಲೆ, ನೆರೆಮನೆಯವರೊಬ್ಬರು ಸಂಜೆ ಅವರನ್ನು ಕರೆದುಕೊಂಡು ಹೋಗತೊಡಗಿದರು. ಮನೆಯವರ ಬುದ್ಧಿಮಾತಿಗಿಂತ ಆ ಜೊತೆ ಉಪಕಾರಕ್ಕೆ ಬಂತು. ಗಂಜಿಯೊಡನೆ ಒಣಮೀನು, ಉಪ್ಪಿನಕಾಯಿ ದಿನವೂ ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಸುಲಭವಾಗಿ ದಾಟುತ್ತದೆ, ಅದನ್ನೂ ಗಮನಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಡಾಕ್ಟರೇ, ಭಯದಿಂದ ಬರುವ ಎದೆನೋವನ್ನು ನಿಜವಾದ ನೋವಿನಿಂದ ಬೇರ್ಪಡಿಸುವುದು ಹೇಗೆ?

ಉತ್ತರ (ಮಂಗಳೂರು, ವೈದ್ಯ)

ಮನೆಯಲ್ಲಿ ಬೇರ್ಪಡಿಸಲು ಹೋಗಲೇಬೇಡಿ. ವಿಶ್ರಾಂತಿ ಪಡೆದರೂ ಕೆಲವು ನಿಮಿಷಗಳಲ್ಲಿ ನೋವು ಇಳಿಯದಿದ್ದರೆ, ಅಥವಾ ಬೆವರು, ಉಸಿರಾಟದ ಕಷ್ಟ ಜೊತೆಗಿದ್ದರೆ, ಕೂಡಲೇ 108ಕ್ಕೆ ಕರೆ ಮಾಡಿ. ಇಸಿಜಿ ಮತ್ತು ರಕ್ತಪರೀಕ್ಷೆ ಆದ ಮೇಲಷ್ಟೇ ಅದು ಭಯದ್ದೆಂದು ಯಾರಾದರೂ ಹೇಳಬಹುದು.