ಮಗನಿಗೆ ನಾಯಿ ಕಚ್ಚಿದೆ, ಸೀರಂ ಬೇಕೇ ಬೇಕಾ? ಅನುಭವ ಇದ್ದವರು ಹೇಳಿ

ಡೊಂಬಿವಲಿ ಅಮ್ಮ: ನಿನ್ನೆ ಸಂಜೆ ಸೊಸೈಟಿ ಗೇಟ್ ಹತ್ತಿರ ಬೀದಿನಾಯಿ ಮಗನ ಮೀನಖಂಡಕ್ಕೆ ಕಚ್ಚಿತು. ರಕ್ತ ಬಂತು. ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆಯ ಮೊದಲ ಇಂಜೆಕ್ಷನ್ ಆಗಿದೆ. ಗಾಯಕ್ಕೆ ಸೀರಂ, ಅಂದರೆ ರೋಗ ತಡೆಯೋ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಕೂಡ ಬೇಕು ಅಂತ ಡಾಕ್ಟರು ಅಂದರು, ಅತ್ತೆ ಬೇಡ ಅನ್ನುತ್ತಾರೆ.

ಮುಲುಂಡ್ ಅಕ್ಕ: ನನ್ನ ಕಥೆ ಕೇಳಿ. 2019ರ ಗಣಪತಿ ಹಬ್ಬದ ಹಿಂದಿನ ರಾತ್ರಿ, ಹೂವು ತರೋಕೆ ಹೋದವಳಿಗೆ ಕಚ್ಚಿತು. ಪಕ್ಕದ ಮನೆಯವರು ಗಾಯಕ್ಕೆ ಖಾರದ ಪುಡಿ ಮೆತ್ತಿ ಬಟ್ಟೆ ಕಟ್ಟಿದರು, ನಾನೂ ಸುಮ್ನೆ ಕಟ್ಟಿಸಿಕೊಂಡೆ, ನನ್ನ ಬುದ್ಧಿಗೆ ಏನನ್ನಬೇಕು! ಡಾಕ್ಟರು ಬಟ್ಟೆ ಬಿಚ್ಚಿ ಬೈದು, ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆಸಿದರು. ಜೀವ ಹೋಗಿ ಬಂತು. ಆಮೇಲೆ ಸೀರಂ, ಮನುಷ್ಯರ ರಕ್ತದಿಂದ ಮಾಡಿದ್ದು. ಕೆಜಿಗೆ 20 ಯೂನಿಟ್ ಲೆಕ್ಕ, ನಾನು 58 ಕೆಜಿ, ಅಂದರೆ 1160. ಒಂದು ವಯಲ್‌ನಲ್ಲಿ 300, ಹಾಗಾಗಿ ನಾಲ್ಕು. ಬಿಲ್ಲು 22,600 ರೂಪಾಯಿ. ಉಳಿದ 40 ಯೂನಿಟ್ ಚೆಲ್ಲಿದರು, ಆ ಹೊಟ್ಟೆ ಉರಿ ಇನ್ನೂ ಆರಿಲ್ಲ.

ಪಿಂಪ್ರಿ ಮಾಸ್ತರ: ಅಷ್ಟು ಯಾಕೆ ಕೊಟ್ಟಿರಿ ಅಕ್ಕಾ? ಕುದುರೆಯಿಂದ ಮಾಡೋ ಸೀರಂ ಅಗ್ಗ. ನನಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಟ್ಟರು. ಚರ್ಮಕ್ಕೆ ಕೊಡೋ ಲಸಿಕೆಗೆ 0, 3, 7, 28ನೇ ದಿನ ಸಾಲಲ್ಲಿ ನಿಂತೆ. ಏಳನೇ ದಿನ ಸ್ಟಾಕ್ ಇಲ್ಲ ಅಂದರು, ಇನ್ನೊಂದು ಆಸ್ಪತ್ರೆಗೆ ಓಡಿದೆ. ರಿಕ್ಷಾಕ್ಕೇ 640 ಹೋಯಿತು.

ಮುಲುಂಡ್ ಅಕ್ಕ: ರಾತ್ರಿ ಒಂಬತ್ತಕ್ಕೆ ರಕ್ತ ಸೋರಿಸಿಕೊಂಡು ಅಗ್ಗದ್ದು ಎಲ್ಲಿ ಹುಡುಕಲಿ ಮಾಸ್ತರೇ? ಪಾಠ ಶಾಲೆಯಲ್ಲಿ ಮಾಡಿ.

ವಾಸ್ಕೋ ಹುಡುಗ: ನನಗೆ ಎರಡು ಸಲ ಕಚ್ಚಿದೆ. ಮೊದಲ ಸಲ ಪೂರ್ತಿ ಕೋರ್ಸ್. ಎರಡನೇ ಸಲ 0 ಮತ್ತು 3ನೇ ದಿನ ಎರಡೇ ಡೋಸ್, ಸೀರಂ ಇಲ್ಲ. ಹಳೇ ಚೀಟಿ ಜೋಪಾನವಾಗಿ ಇಟ್ಟಿದ್ದಕ್ಕೆ ಉಳಿತಾಯ. ಈಗ ಲ್ಯಾಮಿನೇಟ್ ಮಾಡಿಸಿದ್ದೇನೆ, ಮನೆಯವರು ನಗುತ್ತಾರೆ, ನಗಲಿ.

ಕೋಥ್ರೂಡ್ ರಾಯರು: ಎಲ್ಲರೂ ಹೆದರಿಸುತ್ತೀರಲ್ಲ. ಹತ್ತು ದಿನ ನಾಯಿ ಮೇಲೆ ಕಣ್ಣಿಡಿ. ನಾಯಿ ಚೆನ್ನಾಗಿದ್ದರೆ ಏನೂ ಬೇಕಿಲ್ಲ.

ಪಿಂಪ್ರಿ ಮಾಸ್ತರ: ನಾಯಿ ನೋಡೋದು ನೋಡಿ, ಆದರೆ ಅದಕ್ಕೆ ಅಂತ ಇಂಜೆಕ್ಷನ್ ನಿಲ್ಲಿಸಬಾರದು ರಾಯರೇ! ರೋಗ ಶುರುವಾದರೆ ಉಳಿಯೋದು ಸುಳ್ಳು.

ಮುಲುಂಡ್ ಅಕ್ಕ: ಬೀದಿನಾಯಿಗೆ ಅಡ್ರೆಸ್ ಇರುತ್ತಾ ರಾಯರೇ, ಹತ್ತು ದಿನ ಹೋಗಿ ನೋಡೋಕೆ? ದಿನಾ ಬಿಸ್ಕತ್ತು ಹಾಕಿ ಗೇಟಿನ ಹತ್ತಿರ ಕೂರಿಸೋರು ನಿಮ್ಮಂಥವರೇ.

ಡೊಂಬಿವಲಿ ಅಮ್ಮ: ಅಲ್ಲ, ಸೀರಂ ವಿಷಯ...

ವಾಸ್ಕೋ ಹುಡುಗ: ರಕ್ತ ಬಂದಿದೆ ಅಲ್ವಾ, ಬೇಕೇ ಬೇಕು ಅಕ್ಕಾ. ಮೊದಲ ಇಂಜೆಕ್ಷನ್ ಆಗಿ 7 ದಿನದೊಳಗೆ ಮಾತ್ರ ಕೊಡುತ್ತಾರೆ. ಇವತ್ತೇ ಹೋಗಿ.

ಕೋಥ್ರೂಡ್ ರಾಯರು: ನಾನು ಬಿಸ್ಕತ್ತು ಹಾಕೋದಿಲ್ಲ. ಅನ್ನ ಹಾಕುತ್ತೇನೆ, ಅದೂ ನಮ್ಮ ಹಿತ್ತಲಲ್ಲಿ.