ಚೆಟ್ರಿ ಹೊಡೆದ 95 ಗೋಲುಗಳಿಗೆ ನಿಜವಾಗಿ ಎಷ್ಟು ತೂಕ?

ಪ್ರಶ್ನೆ: ಹನ್ನೊಂದನೇ ಅಂಗಿ

ನಾನು ಭಾರತದ ಫುಟ್‌ಬಾಲ್ ಆಟಗಾರ ಸುನಿಲ್ ಚೆಟ್ರಿಯವರ ಅಭಿಮಾನಿ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡುತ್ತಿದ್ದ ದಿನಗಳಿಂದಲೂ ಅವರ ಆಟವನ್ನು ನೋಡುತ್ತ ಬಂದಿದ್ದೇನೆ. ತಂಡ ಕಂಠೀರವಕ್ಕೆ ಬಂದ ಮೇಲೂ ಅಷ್ಟೇ, ಚೆಂಡು ಯಾರ ಕಾಲಲ್ಲಿದ್ದರೂ ನನ್ನ ಕಣ್ಣು ಹನ್ನೊಂದನೇ ಸಂಖ್ಯೆಯ ಅಂಗಿಯ ಹಿಂದೆಯೇ ಇರುತ್ತದೆ. ಹೀಗಾಗಿ ನನ್ನ ಮಾತಿನಲ್ಲಿ ಪಕ್ಷಪಾತವಿಲ್ಲವೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗ ಇಂಗ್ಲೆಂಡ್ ಮತ್ತು ಸ್ಪೇನಿನ ಲೀಗುಗಳನ್ನು ನಿದ್ದೆಗೆಟ್ಟು ನೋಡುವವನು. ಮೊನ್ನೆ ಊಟಕ್ಕೆ ಕುಳಿತಾಗ ಅವನು, "ಮಾಮ, ಚೆಟ್ರಿ ದೇಶಕ್ಕಾಗಿ 95 ಗೋಲು ಹೊಡೆದಿದ್ದಾರೆ ಅಂತ ಹೇಳ್ತಾನೇ ಇರ್ತೀಯಲ್ಲ, ಅದರಲ್ಲಿ ಮಾಲ್ಡೀವ್ಸ್, ನೇಪಾಳ, ಬಾಂಗ್ಲಾದೇಶ ಎಲ್ಲ ಕಳೆದರೆ ಉಳಿಯೋದೆಷ್ಟು?" ಎಂದು ಕೇಳಿದ. ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ, ಇವರ ಸಾಲಿನಲ್ಲಿ ನಾಲ್ಕನೆಯ ಹೆಸರು ಚೆಟ್ರಿಯವರದು ಎಂದು ನಾನು ಹೇಳಿದ್ದು ಅವನಿಗೆ ಇನ್ನಷ್ಟು ನಗು ತರಿಸಿತು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತನಾಡಿದರೆ ಅವನ ನಗುವಿನಲ್ಲಿ ಸ್ವಲ್ಪ ನ್ಯಾಯವಿದೆ ಎಂದು ಒಪ್ಪದೆ ಗತಿಯಿಲ್ಲ.

ಆದರೆ ನನ್ನ ಅಭಿಮಾನ ಹುಟ್ಟಿದ್ದು ಪಟ್ಟಿಯಿಂದಲ್ಲ. ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ಅವನಿಗೆ ಒಪ್ಪಿಗೆಯಾಗುವಂತೆ ವಿವರಿಸಲು ಮಾತ್ರ ನನಗೆ ಆಗುತ್ತಿಲ್ಲ. ಚೆಟ್ರಿಯವರ ಹೆಚ್ಚುಗಾರಿಕೆ ನಿಜವಾಗಿ ಯಾವುದರಲ್ಲಿದೆ, ಅದನ್ನು ತೋರಿಸಲು ಯಾವ ಪಂದ್ಯವನ್ನು ಅವನ ಮುಂದಿಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಭಿನ್ನಾಭಿಪ್ರಾಯ ಇರುವವರೂ ಸಂಕೋಚವಿಲ್ಲದೆ ಬರೆಯಿರಿ.

ಉತ್ತರ: ದೆಹಲಿ ಕನ್ನಡಿಗ

ನಿಮ್ಮ ಅಕ್ಕನ ಮಗನ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಎದುರಾಳಿ ಸಣ್ಣವನೋ ದೊಡ್ಡವನೋ ಎಂಬುದಕ್ಕಿಂತ, ಆ ಪಂದ್ಯವನ್ನು ಗೆಲ್ಲದೆ ಹೋಗಿದ್ದರೆ ಭಾರತಕ್ಕೆ ಯಾವ ಬಾಗಿಲು ಮುಚ್ಚುತ್ತಿತ್ತು ಎಂದು ಕೇಳಬೇಕು.

2008ರ ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆದ ಎಎಫ್‌ಸಿ (ಏಷ್ಯನ್ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಫೈನಲ್ಲಿನಲ್ಲಿ ಭಾರತ ತಜಿಕಿಸ್ತಾನವನ್ನು 4–1ರಿಂದ ಮಣಿಸಿತು. ನಾಲ್ಕರಲ್ಲಿ ಮೂರು ಗೋಲು ಚೆಟ್ರಿಯವರದು, ಒಂದು ಬೈಚುಂಗ್ ಭುಟಿಯಾ ಅವರದು. ಕಪ್ ಗೆದ್ದವರಿಗೆ 2011ರ ಏಷ್ಯನ್ ಕಪ್‌ಗೆ ನೇರ ಪ್ರವೇಶವಿತ್ತು, ಭಾರತ ಆ ಟೂರ್ನಿಯಲ್ಲಿ ಅದಕ್ಕೆ ಮೊದಲು ಆಡಿದ್ದು 1984ರಲ್ಲಿ. ಅಂದರೆ 27 ವರ್ಷಗಳ ಗೈರುಹಾಜರಿಯನ್ನು ಮುಗಿಸಿದ ಪಂದ್ಯವದು. ತಜಿಕಿಸ್ತಾನ ಲೋಕಪ್ರಸಿದ್ಧ ತಂಡವೇನಲ್ಲ, ನಿಜ. ಆದರೆ ಅಂಥ ತಂಡಗಳ ಎದುರು ಭಾರತ ಎಡವಿದ್ದು ಎಷ್ಟು ಸಲ ಎಂಬುದನ್ನು ಆ ಕಾಲದ ಆಟವನ್ನು ನೋಡಿದವರಿಗೆ ನೆನಪಿಸಬೇಕಾಗಿಲ್ಲ.

ಹಾಗೆ ಹೋದ ಏಷ್ಯನ್ ಕಪ್‌ನಲ್ಲಿ ನಾವು ಆಸ್ಟ್ರೇಲಿಯ, ಬಹರೇನ್, ದಕ್ಷಿಣ ಕೊರಿಯ ಮೂರೂ ತಂಡಗಳಿಗೆ ಸೋತೆವು. ಆದರೂ ಬಹರೇನ್ ಮತ್ತು ಕೊರಿಯದ ವಿರುದ್ಧ ಚೆಟ್ರಿ ಗೋಲು ಹೊಡೆದರು. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಅರ್ಹತಾ ಸುತ್ತನ್ನೂ ನೋಡಿ: ಕಾಂಬೋಡಿಯದ ವಿರುದ್ಧ ಎರಡೂ ಗೋಲು ಅವರದೇ. ಅಫ್ಗಾನಿಸ್ತಾನದ ವಿರುದ್ಧ ಪಂದ್ಯ ಗೋಲಿಲ್ಲದೆ ಮುಗಿಯುವ ಹಂತಕ್ಕೆ ಬಂದಿದ್ದಾಗ 86ನೇ ನಿಮಿಷದಲ್ಲಿ ಫ್ರೀಕಿಕ್‌ನಿಂದ ಚೆಂಡನ್ನು ಬಲೆ ಸೇರಿಸಿದವರೂ ಅವರೇ. ಅಫ್ಗಾನಿಸ್ತಾನ ಮರುಕ್ಷಣವೇ ಸಮ ಮಾಡಿಕೊಂಡಿತು, ಕೊನೆಯ ಘಳಿಗೆಯಲ್ಲಿ ಸಹಲ್ ಅಬ್ದುಲ್ ಸಮದ್ ಗೆಲುವಿನ ಗೋಲು ಹೊಡೆದರು. ಭಾರತ ಮುಂದಿನ ಏಷ್ಯನ್ ಕಪ್‌ಗೆ ಹೋಯಿತು. ಈ ಗೋಲುಗಳನ್ನು 'ಸಣ್ಣ ತಂಡದ ಎದುರು' ಎಂಬ ಖಾನೆಗೆ ಹಾಕಿ ಕಳೆದುಬಿಟ್ಟರೆ ಭಾರತದ ಫುಟ್‌ಬಾಲಿನ ಇಪ್ಪತ್ತು ವರ್ಷಗಳನ್ನೇ ಕಳೆದಂತಾಗುತ್ತದೆ.

ಉತ್ತರ: ಲೆಫ್ಟ್ ವಿಂಗ್

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ನಾನು ಆಟದ ಕೌಶಲದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಹುಡುಗನಿಗೆ ತೋರಿಸಬಹುದಾದದ್ದು ಅಲ್ಲಿಯೇ ಇದೆ.

ಚೆಟ್ರಿಯವರ ಎತ್ತರ ಐದು ಅಡಿ ಏಳು ಅಂಗುಲ. ಆ ಎತ್ತರದ ಆಟಗಾರ ತಲೆಯಿಂದ ಅಷ್ಟು ಗೋಲುಗಳನ್ನು ಹೊಡೆಯುವುದು ಹೇಗೆ? ಎಗರುವ ಶಕ್ತಿ ಇದೆ, ಆದರೆ ಅದಕ್ಕಿಂತ ಮುಖ್ಯವಾದದ್ದು ಅವರು ಹೊರಡುವ ಹೊತ್ತು. ರೆಕ್ಕೆಯಿಂದ, ಅಂದರೆ ಮೈದಾನದ ಅಂಚಿನಿಂದ, ಕ್ರಾಸ್ ಬರುವ ಮೊದಲು ಅವರು ರಕ್ಷಣಾ ಆಟಗಾರನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದಂತೆ ನಿಂತಿರುತ್ತಾರೆ. ಅವನು ಚೆಂಡಿನ ಕಡೆ ತಲೆ ತಿರುಗಿಸಿದ ಕ್ಷಣಕ್ಕೆ ಎರಡು ಹೆಜ್ಜೆ ಮುಂದೆ ಬಂದು ಅವನಿಗಿಂತ ಮೊದಲು ಚೆಂಡನ್ನು ಮುಟ್ಟುತ್ತಾರೆ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಬಿಎಫ್‌ಸಿ ಮತ್ತು ಚೆನ್ನೈಯಿನ್ ನಡುವೆ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ಲಿನ ಒಂಬತ್ತನೇ ನಿಮಿಷವನ್ನು ಮತ್ತೆ ನೋಡಿ. ಬಲಗಡೆಯಿಂದ ಉದಾಂತ ಸಿಂಗ್ ಕಳಿಸಿದ ಚೆಂಡಿಗೆ ಚೆಟ್ರಿ ಮುಂದಕ್ಕೆ ಧುಮುಕಿ ತಲೆ ಕೊಟ್ಟಾಗ ಚೆನ್ನೈಯಿನ್ ರಕ್ಷಣಾ ಆಟಗಾರರು ಇನ್ನೂ ಅವರ ಹಿಂದೆಯೇ ಇದ್ದರು. ಆ ಪಂದ್ಯವನ್ನು ನಾವು 2–3ರಿಂದ ಸೋತೆವು, ನಮ್ಮದೇ ಅಂಗಳದಲ್ಲಿ, ಎದುರು ತಂಡದ ಮೈಲ್ಸನ್ ಆಲ್ವೆಸ್ ತಲೆಯಿಂದಲೇ ಹೊಡೆದ ಎರಡು ಗೋಲುಗಳಿಂದ. ಆ ನೋವು ಬೇರೆ ವಿಷಯ.

ಇನ್ನೊಂದು ಮಾತು. ಅವರು ಬಲಗಾಲಿನ ಆಟಗಾರ, ಆದರೆ ಬಿಎಫ್‌ಸಿಯಲ್ಲಿ ಬಹುಕಾಲ ಎಡ ರೆಕ್ಕೆಯಿಂದ ಒಳಗೆ ಬರುತ್ತಿದ್ದರು. ವೆನೆಜುವೆಲದ ಸ್ಟ್ರೈಕರ್ ಮಿಕು ಇದ್ದಾಗ ಮಧ್ಯದ ಜಾಗ ಅವನದಾಗಿತ್ತು. ಕ್ಲಬ್ಬಿಗೆ ರೆಕ್ಕೆಯಲ್ಲಿ ಆಡುವವರು ದೇಶದ ತಂಡಕ್ಕೆ ಹೋದಾಗ ಒಂಟಿ ಸ್ಟ್ರೈಕರ್ ಆಗಬೇಕಾಗುತ್ತಿತ್ತು, ಅಲ್ಲಿ ಇಡೀ ಪಂದ್ಯದಲ್ಲಿ ಸಿಗುತ್ತಿದ್ದದ್ದು ಒಂದೋ ಎರಡೋ ಅವಕಾಶ. ಹತ್ತು ಅವಕಾಶಗಳಲ್ಲಿ ಮೂರನ್ನು ಗೋಲಾಗಿಸುವ ಆಟಗಾರರನ್ನು ನಿಮ್ಮ ಹುಡುಗ ವಾರವಾರವೂ ನೋಡುತ್ತಾನೆ. ಎಂಬತ್ತು ನಿಮಿಷ ಚೆಂಡೇ ಸಿಗದೆ ಓಡಿ, ಸಿಕ್ಕ ಒಂದನ್ನು ಹಾಳುಮಾಡದೆ ಇರುವುದು ಬೇರೆಯೇ ಬಗೆಯ ಕಸುಬು, ಅದನ್ನು ನೋಡಲು ತಾಳ್ಮೆ ಬೇಕು.

ಉತ್ತರ: ಕಡಲತಡಿ

ನಾನು ಭಿನ್ನಮತದವನು, ಆದರೂ ಗೌರವದಿಂದಲೇ ಬರೆಯುತ್ತಿದ್ದೇನೆ.

ಚೆಟ್ರಿಯವರ ಶಿಸ್ತು, ದುಡಿಮೆ, ನಾಯಕತ್ವ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಭಿಮಾನಿಗಳಾದ ನಾವು ಮೂರು ಸಂಗತಿಗಳನ್ನು ಹೇಳದೆ ಬಿಡುತ್ತೇವೆ. ಒಂದು, ಇತ್ತೀಚಿನ ಕಾಲದಲ್ಲಿ ಭಾರತದ ಅತ್ಯುತ್ತಮ ಫಲಿತಾಂಶವೆಂದು ಅನೇಕರು ಎಣಿಸುವ, 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ವಿರುದ್ಧದ 0–0 ಡ್ರಾ ಪಂದ್ಯದಲ್ಲಿ ಅಸ್ವಸ್ಥತೆಯಿಂದಾಗಿ ಅವರು ಆಡಿರಲೇ ಇಲ್ಲ. ಅಂದು ತಂಡವನ್ನು ಉಳಿಸಿದವರು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಎರಡು, 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಅವರ ನಾಯಕತ್ವದ ತಂಡ ಮೂರು ಪಂದ್ಯ ಆಡಿ ಒಂದೂ ಗೋಲು ಹೊಡೆಯದೆ ಮರಳಿತು.

ಮೂರನೆಯದು ನನಗೆ ಹೆಚ್ಚು ನೋವು ಕೊಡುವಂಥದ್ದು. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ಆಡಿ ಅವರು ಕಣ್ಣೀರಿನೊಂದಿಗೆ ವಿದಾಯ ಹೇಳಿದರು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 40 ವರ್ಷ ದಾಟಿದ್ದ ಅವರನ್ನು ಕೋಚ್ ಮನೋಲೊ ಮಾರ್ಕೆಜ್ ಮತ್ತೆ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತೊಂಬತ್ತೈದನೆಯ ಗೋಲು ಬಂತು, ಆದರೆ 2027ರ ಏಷ್ಯನ್ ಕಪ್‌ಗೆ ಅರ್ಹತೆ ಬರಲಿಲ್ಲ. ಮರಳಿ ಬಂದದ್ದು ಅವರ ತಪ್ಪಲ್ಲ ಎಂದು ನೀವು ಹೇಳುತ್ತೀರಿ, ನಾನೂ ಅದನ್ನೇ ಹೇಳುತ್ತೇನೆ. ಲೀಗಿನ ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೆ ವಿದೇಶಿಯರನ್ನೇ ತಂದು ನಿಲ್ಲಿಸಿದಾಗ ಭಾರತದ ಹುಡುಗರು ಆ ಕೆಲಸ ಕಲಿಯುವುದೆಲ್ಲಿ? ಚೆಟ್ರಿ ಎಂಬ ಒಬ್ಬರು ಇದ್ದಾರಲ್ಲ ಎಂಬ ನೆಮ್ಮದಿಯಲ್ಲಿ ಎಲ್ಲರೂ ಕಾಲ ತಳ್ಳಿದರು. ನಮ್ಮ ಆರಾಧನೆಯೂ ಆ ನೆಮ್ಮದಿಯ ಒಂದು ಭಾಗವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಉತ್ತರ: ಲೆಫ್ಟ್ ವಿಂಗ್

ಕಡಲತಡಿಯವರೇ, ಮೊದಲನೆಯ ಮತ್ತು ಎರಡನೆಯ ಮಾತನ್ನು ಒಪ್ಪುತ್ತೇನೆ. ಆದರೆ 2024–25ರ ಐಎಸ್‌ಎಲ್‌ನಲ್ಲಿ ಅದೇ 40 ವರ್ಷದ ಆಟಗಾರ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲಿಗರಾದರು. ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು, ಎರಡು ಪಂದ್ಯಗಳ ಸೆಮಿಫೈನಲ್ಲಿನಲ್ಲಿ ಮೊದಲ ಪಂದ್ಯದ ಎರಡು ಗೋಲುಗಳ ಹಿನ್ನಡೆಯನ್ನು ಗೋವಾ ತೀರಿಸಿ ಸಮಕ್ಕೆ ಬಂದಿದ್ದಾಗ ಹೆಚ್ಚುವರಿ ಸಮಯದ ಅಂಚಿನಲ್ಲಿ ತಲೆಯಿಂದ ಒಂದು. ಕರೆಯುವ ಕೋಚ್ ಬೇರೆ ಯಾರನ್ನು ಕರೆಯಬೇಕಿತ್ತು? ಉತ್ತರವಿಲ್ಲದ ಪ್ರಶ್ನೆಯೇ ನಮ್ಮ ಫುಟ್‌ಬಾಲಿನ ರೋಗ. ಅದನ್ನು ಅವರ ಲೆಕ್ಕಕ್ಕೆ ಬರೆಯುವುದು ಬೇಡ.

ಉತ್ತರ: ಆಸ್ಟಿನ್ ಟೌನ್ ಹಳಬ

ಇಲ್ಲಿ ಬರೆದವರೆಲ್ಲ ಹೆಚ್ಚಾಗಿ ದೇಶದ ತಂಡದ ಮಾತನ್ನೇ ಆಡಿದ್ದೀರಿ. ನಾನು ಬೆಂಗಳೂರಿನವನಾಗಿ ಎರಡು ಮಾತು ಸೇರಿಸುತ್ತೇನೆ, ಸ್ವಲ್ಪ ಹಿಂದಕ್ಕೆ ಹೋದರೆ ಬೇಸರಪಡಬೇಡಿ.

ಈ ಊರಿಗೆ ಫುಟ್‌ಬಾಲ್ ಬಿಎಫ್‌ಸಿಯ ಜೊತೆ ಬಂದದ್ದಲ್ಲ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಟೂರ್ನಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಪರ ಆಡುತ್ತಿದ್ದವರು. ನಮ್ಮ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಿಂದ ಆಟಗಾರರು ಹೊರಡುತ್ತಲೇ ಇದ್ದರು. 'ಹೊರಡುತ್ತಲೇ' ಎಂದು ಬೇಕೆಂದೇ ಬರೆದೆ. ಕಾರ್ಲ್‌ಟನ್ ಚಾಪ್‌ಮನ್ ಅವರಂಥ ಪ್ರತಿಭೆ ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಜೆಸಿಟಿ ಎಂದು ಹೊರಗೆ ಹೋಗಿಯೇ ಹೆಸರು ಮಾಡಬೇಕಾಯಿತು. ಇಲ್ಲಿ ಉಳಿದವರಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು, ಒಂದು ಸರ್ಕಾರಿ ನೌಕರಿ, ಸಂಜೆಯ ಆಟ.

ಚೆಟ್ರಿಯವರ ದಾರಿ ಇದಕ್ಕೆ ತಿರುಗುಮುರುಗು. ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ, ತಂದೆ ಸೇನೆಯಲ್ಲಿದ್ದವರು, ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ದೆಹಲಿ, ಕೋಲ್ಕತ್ತ, ಪಂಜಾಬ್, ಗೋವಾ ಎಲ್ಲ ಕಡೆ ಆಡಿದರು. ಇಂಗ್ಲೆಂಡಿನ ಕ್ಲಬ್ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕರೆದಾಗ, ಫಿಫಾ ಪಟ್ಟಿಯಲ್ಲಿ ಭಾರತದ ಸ್ಥಾನ ತೀರ ಕೆಳಗಿದೆ ಎಂಬ ಕಾರಣಕ್ಕೆ ಬ್ರಿಟನ್ ಕೆಲಸದ ಪರವಾನಗಿ ನಿರಾಕರಿಸಿತು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲೂ ಪೋರ್ಚುಗಲ್ಲಿನ ಸ್ಪೋರ್ಟಿಂಗ್‌ನಲ್ಲೂ ನೆಲೆ ಸಿಗಲಿಲ್ಲ. 2013ರಲ್ಲಿ, ಇನ್ನೂ ಒಂದು ಪಂದ್ಯವನ್ನೂ ಆಡಿರದ ಬಿಎಫ್‌ಸಿಗೆ ಬಂದರು, ಐಎಸ್‌ಎಲ್‌ಗಾಗಿ ಮುಂಬೈ ಸಿಟಿಗೆ ಎರವಲು ಹೋಗಿದ್ದನ್ನು ಬಿಟ್ಟರೆ ಇಲ್ಲಿಯೇ ನಿಂತರು. ಮೊದಲ ವರ್ಷವೇ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್ ಪ್ರಶಸ್ತಿ ಬಂತು. ಹೊರಗಿನವರೊಬ್ಬರು ಬಂದು ನಿಂತದ್ದರಿಂದ ಈ ಊರಿನ ಹುಡುಗರಿಗೆ ಇಲ್ಲಿಯೇ ಇದ್ದು ದೊಡ್ಡ ಆಟ ಆಡಬಹುದು ಎಂಬುದು ಕಣ್ಣಿಗೆ ಕಂಡಿತು. ಇದನ್ನು ಯಾವ ಗೋಲುಪಟ್ಟಿಯಲ್ಲಿ ಬರೆಯುತ್ತೀರಿ?

ತೋರಿಸಬೇಕಾದ ಪಂದ್ಯ ಕೇಳಿದ್ದೀರಲ್ಲ, ನನ್ನ ಮತ 2016ರ ಅಕ್ಟೋಬರ್ 19ಕ್ಕೆ. ಏಷ್ಯದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯದ ಜೊಹೊರ್ ದಾರುಲ್ ತಾಜಿಮ್. ಮೊದಲ ಗೋಲು ಜೊಹೊರ್ ತಂಡದ್ದು, ಕಂಠೀರವ ತುಟಿ ಹೊಲಿದುಕೊಂಡಿತು. ವಿರಾಮಕ್ಕೆ ಮುಂಚೆ ಕಾರ್ನರ್‌ನಿಂದ ಬಂದ ಚೆಂಡಿಗೆ ಚೆಟ್ರಿ ತಲೆ ಕೊಟ್ಟರು. ಎರಡನೆಯದು ಪೆನಾಲ್ಟಿ ಚೌಕದ ಹೊರಗಿನಿಂದ. ಕಾಲು ಎತ್ತಿದಾಗ 'ಅಲ್ಲಿಂದ ಬೇಡ' ಎಂದು ನನ್ನ ಪಕ್ಕದವರು ಕೂಗಿದ್ದು ಮುಗಿಯುವ ಮೊದಲೇ ಚೆಂಡು ಬಲೆಯಲ್ಲಿತ್ತು. ಹುವಾನನ್ ಮೂರನೆಯದನ್ನು ಸೇರಿಸಿದರು. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ಫೈನಲ್ ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ 0–1ರಿಂದ ಹೋಯಿತು.

ಪ್ರಶ್ನೆ ಕೇಳಿದವರು: ಹನ್ನೊಂದನೇ ಅಂಗಿ

ಎಲ್ಲರಿಗೂ ಧನ್ಯವಾದಗಳು. ಕಡಲತಡಿಯವರ ಮಾತು ಕಹಿಯಾದರೂ ಅದನ್ನೂ ಹುಡುಗನಿಗೆ ಓದಿ ಹೇಳುತ್ತೇನೆ, ಏಕೆಂದರೆ ಅವನು ಹೊಗಳಿಕೆಯನ್ನು ನಂಬುವವನಲ್ಲ. ಜೊಹೊರ್ ಪಂದ್ಯ ನನಗೂ ಪ್ರಿಯ, ಆದರೆ ಅವನ ತಕರಾರು ಇರುವುದು ದೇಶದ ತಂಡದ ಬಗ್ಗೆ. ಅಲ್ಲಿಂದ ಒಂದನ್ನು ಸೂಚಿಸುವಿರಾ?

ಉತ್ತರ: ದೆಹಲಿ ಕನ್ನಡಿಗ

2019ರ ಜನವರಿ 6, ಅಬುಧಾಬಿ, ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4–1. 1964ರ ನಂತರ ಆ ಟೂರ್ನಿಯಲ್ಲಿ ಭಾರತ ಗೆದ್ದ ಮೊದಲ ಪಂದ್ಯ. ಪೆನಾಲ್ಟಿಯಿಂದ ಬಂದ ಮೊದಲ ಗೋಲನ್ನು ಬಿಡಿ. ವಿರಾಮ ಮುಗಿದ ಕೂಡಲೇ ಬಂದ ಎರಡನೆಯದನ್ನು ನಿಧಾನಗತಿಯಲ್ಲಿ ತೋರಿಸಿ. ಉದಾಂತ ಬಲಗಡೆಯಿಂದ ಓಡಿ ಒಳಗೆ ಕಳಿಸುತ್ತಾನೆ, ಆಶಿಕ್ ಕುರುಣಿಯನ್ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ, ಚೆಟ್ರಿ ಅದನ್ನು ನಿಲ್ಲಿಸದೆಯೇ ಒದೆಯುತ್ತಾರೆ. ಮೊದಲ ಸಲ ನೋಡುವಾಗ ಹುಡುಗ ಚೆಂಡನ್ನು ಹಿಂಬಾಲಿಸಲಿ. ಎರಡನೆಯ ಸಲ ಚೆಂಡನ್ನು ಬಿಟ್ಟು ಚೆಟ್ರಿಯವರನ್ನು ಮಾತ್ರ ನೋಡಲು ಹೇಳಿ: ಉದಾಂತ ಓಟಕ್ಕೆ ಇಳಿದಾಗ ಅವರು ಎಲ್ಲಿದ್ದರು, ಥಾಯ್ ರಕ್ಷಣಾ ಸಾಲು ಹಿಂದಕ್ಕೆ ಸರಿದಾಗ ಅವರು ಏಕೆ ಅದರ ಜೊತೆ ಸರಿಯದೆ ನಿಧಾನಿಸಿದರು ಎಂದು ಕೇಳಿ. ಸ್ಪೇನಿನ ಲೀಗನ್ನು ನಿದ್ದೆಗೆಟ್ಟು ನೋಡುವವನಿಗೆ ಆ ನಿಧಾನದ ಅರ್ಥವನ್ನು ನಾವು ಹೇಳಿಕೊಡಬೇಕಾಗಿಲ್ಲ.